ನಾಳೆ ತಿಂಡಿಗೆ ಏನು? ಅಡುಗೆ ಪುಸ್ತಕಗಳನ್ನು ಕೆಲಸಕ್ಕೆ ಹಚ್ಚುವ ಬಗೆ

ನಮ್ಮ ಮನೆಯಲ್ಲಿ ಹದಿನಾಲ್ಕು ಅಡುಗೆ ಪುಸ್ತಕಗಳಿದ್ದವು. ಅತ್ತೆಯ ಕೈಬರಹದ ನೋಟ್‌ಬುಕ್ ಎರಡು. ವಾರಪತ್ರಿಕೆಗಳಿಂದ ಕತ್ತರಿಸಿಟ್ಟ ಹಾಳೆಗಳು ಒಂದು ಬಿಸ್ಕತ್ ಡಬ್ಬಿ ತುಂಬ. ಫೋನಿನಲ್ಲಿ ತೆಗೆದಿಟ್ಟ ಫೋಟೋಗಳು ಬೇರೆ. ಇಷ್ಟೆಲ್ಲ ಇದ್ದೂ ರಾತ್ರಿ ಒಂಬತ್ತಕ್ಕೆ ‘ನಾಳೆ ತಿಂಡಿಗೆ ಏನು’ ಅಂತ ಯಾರಾದರೂ ಕೇಳಿದರೆ ಕೈ ಹೋಗುತ್ತಿದ್ದದ್ದು ರವೆ ಡಬ್ಬಿಗೆ.

ರೆಸಿಪಿಗಳಿಗೆ ಕೊರತೆ ಇರಲಿಲ್ಲ. ಬೇಕಾದ ದಿನ ಬೇಕಾದದ್ದು ಕಣ್ಣಿಗೆ ಬೀಳುತ್ತಿರಲಿಲ್ಲ. ಕಣ್ಣಿಗೆ ಬಿದ್ದ ದಿನ ಕಡಲೆ ನೆನೆಸಿರುತ್ತಿರಲಿಲ್ಲ. ಪುಸ್ತಕಗಳು ತಿಂಡಿ, ಸಾರು, ಪಲ್ಯ, ಸಿಹಿ ಅಂತ ಭಾಗ ಮಾಡಿರುತ್ತವೆ. ಆದರೆ ಒಲೆ ಮುಂದೆ ನಿಂತವರು ಯೋಚಿಸುವುದು ಹಾಗಲ್ಲ. ಎಷ್ಟು ಹೊತ್ತಿದೆ, ಮನೆಯಲ್ಲಿ ಏನಿದೆ, ಕರೆಂಟ್ ಇದೆಯೋ ಇಲ್ಲವೋ, ಇವೇ ನಮ್ಮ ಲೆಕ್ಕ. ಅದಕ್ಕೇ ರೆಸಿಪಿಗಳನ್ನು ಅವು ಯಾವ ಬಗೆಯ ಅಡುಗೆ ಅಂತ ವಿಂಗಡಿಸಬೇಡಿ, ಯಾವ ದಿನಕ್ಕೆ ಒದಗುತ್ತವೆ ಅಂತ ವಿಂಗಡಿಸಿ. ಮಡಿಕೇರಿ ಹತ್ತಿರದ ನಮ್ಮ ಮನೆಯಲ್ಲಿ ಎರಡು ಮಳೆಗಾಲ ಇದನ್ನು ಮಾಡಿ ನೋಡಿ, ತಿದ್ದಿ, ಈಗ ಬರೆಯುತ್ತಿದ್ದೇನೆ.

ಮೊದಲು ಎಲ್ಲವನ್ನೂ ಒಂದೇ ಮೇಜಿನ ಮೇಲೆ ತನ್ನಿ

ಒಂದು ಭಾನುವಾರ ಮಧ್ಯಾಹ್ನ ಸಾಕು. ಪುಸ್ತಕ, ನೋಟ್‌ಬುಕ್, ಕತ್ತರಿಸಿದ ಹಾಳೆ ಎಲ್ಲ ಒಂದು ಕಡೆ ಇರಲಿ. ಪುಸ್ತಕಗಳ ಬೆನ್ನಿಗೆ ಅ, ಆ, ಇ, ಈ ಅಂತ ಸಣ್ಣ ಚೀಟಿ ಅಂಟಿಸಿ. ಮುಂದೆ ಪುಸ್ತಕದ ಪೂರ್ತಿ ಹೆಸರು ಬರೆಯುವ ಕೆಲಸವೇ ಇರುವುದಿಲ್ಲ.

ಒಂದೊಂದು ಪುಸ್ತಕಕ್ಕೆ ಇಪ್ಪತ್ತು ನಿಮಿಷ ಕೊಡಿ. ಓದಲು ಕೂರಬೇಡಿ, ಹಾಳೆ ತಿರುಗಿಸುತ್ತಾ ಹೋಗಿ. ಈ ವರ್ಷದೊಳಗೆ ಮಾಡುತ್ತೇನೆ ಅಂತ ನಿಜವಾಗಿ ಅನ್ನಿಸಿದ ಪುಟಕ್ಕೆ ಮಾತ್ರ ಕಾಗದದ ಚೂರು ಇಡಿ. ಒಂದು ಪುಸ್ತಕಕ್ಕೆ ಹತ್ತು ಚೂರು ಮೀರಬಾರದು. ಈ ಹತ್ತರ ಮಿತಿ ಬಹಳ ಮುಖ್ಯ. ಮಿತಿ ಇಲ್ಲದಿದ್ದರೆ ಚಂದದ ಫೋಟೋ ಇರುವ ಪುಟಕ್ಕೆಲ್ಲ ಚೀಟಿ ಬೀಳುತ್ತದೆ, ಕೊನೆಗೆ ಮತ್ತೆ ಮೊದಲಿನ ಹಾಗೇ ಆಗುತ್ತದೆ.

ಚೀಟಿ ಇಡುವ ಮೊದಲು ಮೂರು ವಿಷಯ ನೋಡಿ. ಸಾಮಾನು ನಮ್ಮ ಹಿತ್ತಲಲ್ಲೋ ಸಂತೆಯಲ್ಲೋ ಸಿಗುತ್ತದಾ? ಮಾಡಲು ಬೇಕಾದ ಪಾತ್ರೆ ಮನೆಯಲ್ಲಿದೆಯಾ? ಮನೆಯಲ್ಲಿ ಕನಿಷ್ಠ ಇಬ್ಬರು ತಿನ್ನುತ್ತಾರಾ? ಮೂರಕ್ಕೂ ಹೌದು ಅಂದರೆ ಮಾತ್ರ ಚೀಟಿ. ಉಳಿದ ರೆಸಿಪಿಗಳನ್ನು ಎಸೆಯುತ್ತಿಲ್ಲ ಅಲ್ವಾ, ಅವು ಪುಸ್ತಕದಲ್ಲೇ ಇರುತ್ತವೆ.

ಫೋನಿನ ಫೋಟೋಗಳಿಗೆ ಇಷ್ಟು ತಾಳ್ಮೆ ಬೇಡ. ಆರು ತಿಂಗಳಿಂದ ತೆರೆದು ನೋಡದ್ದನ್ನು ಅಳಿಸಿ. ಉಳಿದವನ್ನು ಒಂದು ಫೋಲ್ಡರಿಗೆ ಹಾಕಿ, ಅದಕ್ಕೂ ಒಂದು ಅಕ್ಷರ ಕೊಡಿ.

ಹಿರಿಯರ ಅಡುಗೆಗೆ ತಕ್ಕಡಿ

ಈ ಕೆಲಸಕ್ಕೆ ಹೊತ್ತು ಜಾಸ್ತಿ ಬೇಕು, ಕೊಡಲೇಬೇಕು. ಅತ್ತೆಯ ನೋಟ್‌ಬುಕ್ಕಿನಲ್ಲಿ ಕಡಂಬುಟ್ಟು (ಹಬೆಯಲ್ಲಿ ಬೇಯಿಸಿದ ಅಕ್ಕಿ ತರಿಯ ಉಂಡೆ) ಅಂದರೆ ಎರಡೇ ಸಾಲು: ‘ತರಿ, ನೀರು, ಉಪ್ಪು. ಗಟ್ಟಿಯಾದಾಗ ಉಂಡೆ ಕಟ್ಟು.’ ಎಷ್ಟು ನೀರು ಅಂತ ಕೇಳಿದರೆ ‘ಕೈಗೆ ಗೊತ್ತಾಗ್ತದೆ’ ಅನ್ನುತ್ತಾರೆ. ಅವರ ಕೈಗೆ ಗೊತ್ತು, ನಿಜ. ನನ್ನ ಕೈಗೆ ಗೊತ್ತಾಗಬೇಕಲ್ಲ.

ಹಿರಿಯರನ್ನು ಅಳೆದು ಹಾಕಿ ಅಂತ ಕೇಳಬೇಡಿ. ಅಳೆಯಲು ಹೋದರೆ ಅವರ ಕೈ ತಡೆಯುತ್ತದೆ, ರುಚಿಯೂ ಬದಲಾಗುತ್ತದೆ. ಅವರು ಶುರು ಮಾಡುವ ಮೊದಲೇ ಡಬ್ಬಿಗಳನ್ನು ತೂಗಿ ಬರೆದಿಡಿ. ಅಡುಗೆ ಮುಗಿದ ಮೇಲೆ ಮತ್ತೆ ತೂಗಿ. ಎರಡರ ನಡುವಿನ ವ್ಯತ್ಯಾಸವೇ ಅವರ ‘ಒಂದು ಹಿಡಿ’. ನೀರಿಗೆ ಲೀಟರ್ ಗುರುತು ಇರುವ ಜಗ್ ಕೊಡಿ. ಹೀಗೆ ಮಾಡಿದಾಗಲೇ ಗೊತ್ತಾಯಿತು, ನಮ್ಮ ಮನೆಯ ಕಡಂಬುಟ್ಟಿಗೆ ಒಂದು ಲೋಟ ಅಕ್ಕಿ ತರಿಗೆ ಎರಡು ಲೋಟ ನೀರು. ಹಳೆ ಅಕ್ಕಿಯಾದರೆ ಇನ್ನೂ ಕಾಲು ಲೋಟ ಜಾಸ್ತಿ. ಉಂಡೆ ಕಟ್ಟಿ ಹಬೆಯಲ್ಲಿ ಇಪ್ಪತ್ತೈದು ನಿಮಿಷ.

ಪಂದಿ ಕರಿಗೆ, ಅಂದರೆ ಹಂದಿ ಮಾಂಸದ ಸಾರಿಗೆ, ಹಾಕುವ ಕಾಚಂಪುಳಿಯ ಲೆಕ್ಕವೂ ಹೀಗೇ ಸಿಕ್ಕಿತು. ಕಾಚಂಪುಳಿ ಅಂದರೆ ಹಣ್ಣಿನ ರಸ ಕಾಯಿಸಿ ಮಾಡುವ ನಮ್ಮ ಕಡೆಯ ವಿನೆಗರ್, ಕಪ್ಪಗೆ, ಗಟ್ಟಿಯಾಗಿ, ಬಹಳ ಹುಳಿಯಾಗಿರುತ್ತದೆ. ಬೇರೆ ಊರಿನ ಪುಸ್ತಕದಲ್ಲಿ ವಿನೆಗರ್ ಅಂತ ಇದ್ದ ಕಡೆ ಅಷ್ಟೇ ಪ್ರಮಾಣದಲ್ಲಿ ಇದನ್ನು ಸುರಿದರೆ ಬಾಯಿಗೆ ಇಡಲಾಗುವುದಿಲ್ಲ. ಚಮಚದಲ್ಲಿ ಸ್ವಲ್ಪ ಸ್ವಲ್ಪ ಹಾಕಿ, ಅಡುಗೆಯ ಕೊನೆಗೆ ಹಾಕಿ, ರುಚಿ ನೋಡಿ.

ಪುಸ್ತಕದ ಹೊತ್ತನ್ನು ನಮ್ಮ ಊರಿನ ಹೊತ್ತಿಗೆ ತಿದ್ದಿ

ಹಿಟ್ಟು ಎಂಟು ಗಂಟೆಯಲ್ಲಿ ಹುದುಗುತ್ತದೆ ಅಂತ ಬರೆದವರು ಸೆಖೆ ಊರಿನವರು. ಜುಲೈಯಲ್ಲಿ ನಮ್ಮ ಮನೆಯಲ್ಲಿ ಇಡ್ಲಿ ಹಿಟ್ಟು ಉಬ್ಬಲು ಹದಿನಾಲ್ಕು, ಹದಿನಾರು ಗಂಟೆ ಬೇಕು. ರಾತ್ರಿ ರುಬ್ಬಿದರೆ ಬೆಳಿಗ್ಗೆಗೆ ಏನೂ ಆಗಿರುವುದಿಲ್ಲ. ಹಾಗಾಗಿ ಮಳೆಗಾಲದಲ್ಲಿ ಮಧ್ಯಾಹ್ನವೇ ರುಬ್ಬಿ, ಪಾತ್ರೆಯನ್ನು ಒಲೆಯ ಪಕ್ಕ ಇಡುತ್ತೇನೆ. ಮಾರ್ಚ್‌ನಲ್ಲಿ ಇದೇ ಹಿಟ್ಟು ಒಂಬತ್ತು ಗಂಟೆಯಲ್ಲೇ ಸಿದ್ಧ.

ಇನ್ನೊಂದು ವಿಷಯ ಎತ್ತರದ್ದು. ಮಡಿಕೇರಿ ಸಮುದ್ರಮಟ್ಟಕ್ಕಿಂತ ಸುಮಾರು 1,150 ಮೀಟರ್ ಮೇಲಿದೆ. ಮುನ್ನೂರು ಮೀಟರ್ ಮೇಲೆ ಹೋದಂತೆ ನೀರು ಕುದಿಯುವ ಬಿಸಿ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಅಂದರೆ ಇಲ್ಲಿ ನೀರು ಕುದಿಯುವುದು 96 ಡಿಗ್ರಿ ಆಸುಪಾಸಿನಲ್ಲಿ. ತೆರೆದ ಪಾತ್ರೆಯಲ್ಲಿ ಬೇಳೆ, ಕಾಳು, ಗೆಡ್ಡೆ ಬೇಯಲು ಪುಸ್ತಕ ಹೇಳಿದ್ದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. ತಪ್ಪು ನಿಮ್ಮ ಕೈಯದ್ದಲ್ಲ. ಕುಕ್ಕರಿನಲ್ಲಿ ಈ ತೊಂದರೆ ಬಹಳ ಮಟ್ಟಿಗೆ ಕಮ್ಮಿ. ಕಾಳಿನ ರೆಸಿಪಿಗಳ ಮುಂದೆ ‘ಕುಕ್ಕರ್’ ಅಂತ ಬರೆದುಬಿಡಿ.

ಹೊರದೇಶದ ಪುಸ್ತಕ ಇದ್ದರೆ ಅಳತೆಯನ್ನೂ ಒಮ್ಮೆ ಒಳರಕ್ಷಾಪುಟದಲ್ಲಿ ಬರೆದಿಡಿ. ಅಮೆರಿಕದ ಒಂದು ಕಪ್ ಸುಮಾರು 240 ಮಿಲಿ. ದೊಡ್ಡ ಚಮಚ 15 ಮಿಲಿ, ಸಣ್ಣ ಚಮಚ 5 ಮಿಲಿ. ಒಂದು ಪೌಂಡ್ ಅಂದರೆ 454 ಗ್ರಾಂ. ಅವರ ಓವನ್ನಿನ 350 ಡಿಗ್ರಿ (ಫ್ಯಾರನ್‌ಹೀಟ್) ನಮ್ಮ 175-180 (ಸೆಲ್ಸಿಯಸ್).

ರೆಸಿಪಿ ಬರೆಯಬೇಡಿ, ವಿಳಾಸ ಬರೆಯಿರಿ

ಇಲ್ಲಿ ಬಹಳ ಜನ ಸೋಲುತ್ತಾರೆ. ಹೊಸ ನೋಟ್‌ಬುಕ್ ತಂದು ಇಷ್ಟದ ರೆಸಿಪಿಗಳನ್ನೆಲ್ಲ ಚಂದದ ಅಕ್ಷರದಲ್ಲಿ ನಕಲು ಮಾಡಲು ಕೂರುತ್ತಾರೆ. ಆರನೆಯದಕ್ಕೆ ಕೈ ನೋಯುತ್ತದೆ, ಅಲ್ಲಿಗೆ ನಿಲ್ಲುತ್ತದೆ. ನಕಲು ಬೇಡವೇ ಬೇಡ. ಒಂದು ರೆಸಿಪಿಗೆ ಒಂದೇ ಸಾಲು ಸಾಕು. ಅಂಗಡಿ ಲೆಕ್ಕಕ್ಕೆ ಇಡುವಂಥ ಉದ್ದನೆಯ ಪುಸ್ತಕ ತನ್ನಿ. ಎಡದಿಂದ ಬಲಕ್ಕೆ ಗೆರೆ ಎಳೆದು ಹೀಗೆ ಮನೆ (ಕಾಲಂ) ಹಾಕಿ: ಹೆಸರು, ಪುಸ್ತಕದ ಅಕ್ಷರ ಮತ್ತು ಪುಟ, ಮೊದಲೇ ಮಾಡಬೇಕಾದ ಕೆಲಸ, ಒಲೆ ಮುಂದೆ ನಿಲ್ಲುವ ಹೊತ್ತು, ಹುಡುಕಿ ತರಬೇಕಾದ ಸಾಮಾನು, ತಿಂಗಳು, ಮನೆಯವರ ಮಾತು.

ನನ್ನ ಪುಸ್ತಕದ ಮೂರು ಸಾಲು ನೋಡಿ (ಒಟ್ಟಿ ಅಂದರೆ ರೊಟ್ಟಿ, ಕಣಿಲೆ ಅಂದರೆ ಎಳೆ ಬಿದಿರು).

ಕಡಲೆ ಗಸಿ / ಆ 62 / ಹಿಂದಿನ ರಾತ್ರಿ ಕಡಲೆ ನೆನೆಸು / 40 ನಿಮಿಷ, ಕುಕ್ಕರ್ / ಕಾಯಿ / ಯಾವಾಗಲೂ / ಪುಸ್ತಕದ ಖಾರದಲ್ಲಿ ಅರ್ಧ ಸಾಕು.

ಅಕ್ಕಿ ಒಟ್ಟಿ / ಅತ್ತೆ 1, ಪುಟ 3 / ಅನ್ನ ಒಂದು ಲೋಟ ಎತ್ತಿಡು / 30 ನಿಮಿಷ / ಏನೂ ಇಲ್ಲ / ಯಾವಾಗಲೂ / ಎಲ್ಲರಿಗೂ ಇಷ್ಟ.

ಕಣಿಲೆ ಸಾರು / ಅತ್ತೆ 1, ಪುಟ 19 / ಮೂರು ದಿನ ಮೊದಲು ಹೆಚ್ಚಿ ನೀರಿಗೆ ಹಾಕು, ದಿನಾ ನೀರು ಬದಲಿಸು / 45 ನಿಮಿಷ / ಕಣಿಲೆ / ಜುಲೈ-ಆಗಸ್ಟ್ / ಚಿಕ್ಕವಳು ತಿನ್ನುವುದಿಲ್ಲ.

ಕಣಿಲೆಯ ಆ ಮೂರು ದಿನವನ್ನು ಯಾರೂ ಹಗುರವಾಗಿ ಎಣಿಸಬಾರದು. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ. ತೆಳ್ಳಗೆ ಹೆಚ್ಚಿ, ನೀರಲ್ಲಿಟ್ಟು, ನೀರು ಚೆಲ್ಲಿ, ಆಮೇಲೆ ಚೆನ್ನಾಗಿ ಬೇಯಿಸಿದರೆ ಅದು ಹೋಗುತ್ತದೆ. ಹೊಸದಾಗಿ ಬಂದ ಪುಸ್ತಕಗಳಲ್ಲಿ ಬರೀ ‘ಕಣಿಲೆ ಒಂದು ಕಪ್’ ಅಂತ ಇರುವುದನ್ನು ನೋಡಿದ್ದೇನೆ. ಅಂಥ ಕಡೆ ಪುಟದ ಅಂಚಿನಲ್ಲೇ ಪೆನ್ಸಿಲಿನಲ್ಲಿ ತಿದ್ದಿ. ರಾಜ್ಮಾಕ್ಕೂ ಇಂಥದ್ದೇ ಎಚ್ಚರ ಬೇಕು. ಐದು ಗಂಟೆಗಿಂತ ಕಮ್ಮಿ ನೆನೆಸಬಾರದು, ಆ ನೀರು ಚೆಲ್ಲಬೇಕು, ಹೊಸ ನೀರಲ್ಲಿ ಹತ್ತು ನಿಮಿಷವಾದರೂ ಕೊತಕೊತ ಕುದಿಯಬೇಕು. ಸಣ್ಣ ಉರಿಯಲ್ಲಿ ಸುಮ್ನೆ ಇಟ್ಟರೆ ಅದರ ವಿಷದ ಅಂಶ ಹೋಗುವುದಿಲ್ಲ.

ಈಗ ವಿಂಗಡಣೆ

ಸಾಲು ಬರೆಯುವ ಉದ್ದನೆಯ ಪುಸ್ತಕದಲ್ಲಿ ಹಾಳೆಗಳನ್ನು ಐದು ಭಾಗ ಮಾಡಿ. ನಾನು ಇಟ್ಟ ಹೆಸರುಗಳು ಇವು: ಅರ್ಧ ಗಂಟೆಯದ್ದು, ಸಂತೆಯ ಮಾರನೇ ದಿನದ್ದು, ಮನೆಯಲ್ಲಿ ಇರುವುದರಲ್ಲೇ, ಕರೆಂಟ್ ಇಲ್ಲದಾಗ, ನೆಂಟರು ಬಂದಾಗ. ಒಂದೇ ರೆಸಿಪಿ ಎರಡು ಕಡೆ ಬರಬಹುದು. ಬರಲಿ, ಒಂದು ಸಾಲು ತಾನೇ.

‘ಮನೆಯಲ್ಲಿ ಇರುವುದರಲ್ಲೇ’ ಮತ್ತು ‘ಕರೆಂಟ್ ಇಲ್ಲದಾಗ’ ಈ ಎರಡು ಭಾಗ ಕೊಡಗಿನ ಯಾವ ಮನೆಗೂ ಬೇಕೇ ಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಗಳು ಮುಚ್ಚಿದ್ದನ್ನು ನಾವು ಯಾರೂ ಮರೆತಿಲ್ಲ. ಅಷ್ಟು ದೊಡ್ಡದಾಗಬೇಕಿಲ್ಲ, ಒಂದು ಮರ ತಂತಿ ಮೇಲೆ ಬಿದ್ದರೆ ಎರಡು ದಿನ ಮಿಕ್ಸಿ ಇಲ್ಲ, ಫ್ರಿಜ್ ಇಲ್ಲ. ಆಗ ಬೇಕಾದದ್ದು ರುಬ್ಬದೆ, ಹೊಸ ತರಕಾರಿ ಇಲ್ಲದೆ ಆಗುವ ಅಡುಗೆ. ಹೆಸರುಕಾಳು ಗಂಜಿ, ಹುರುಳಿ ಸಾರು, ಒಲೆಯಲ್ಲಿ ಸುಟ್ಟ ಹಲಸಿನ ಬೀಜದ ಜೊತೆ ಅನ್ನ ತಿಳಿಸಾರು, ಬೆಲ್ಲ ಕಾಯಿ ಹಾಕಿದ ಅವಲಕ್ಕಿ, ತರಿ ಮೊದಲೇ ಒಡೆಸಿಟ್ಟಿದ್ದರೆ ಪಾಪುಟ್ಟು (ಅಕ್ಕಿ ತರಿಯ ಹಬೆ ತಿಂಡಿ). ಇಂಥ ಹನ್ನೆರಡು ಸಾಲು ಇದ್ದರೆ ಎಂಥ ಮಳೆಗೂ ಮನೆ ನಡೆಯುತ್ತದೆ. ಜೂನ್ ಮೊದಲ ವಾರ ಈ ಹಾಳೆ ನೋಡಿಕೊಂಡೇ ದಿನಸಿ ತರುತ್ತೇನೆ.

ತಿಂಗಳಿನ ಮನೆಯನ್ನು ಖಾಲಿ ಬಿಡಬೇಡಿ

ಪೇಟೆಯಲ್ಲಿ ವರ್ಷವಿಡೀ ಅದೇ ಟೊಮೆಟೊ, ಅದೇ ಬೀನ್ಸ್. ನಮ್ಮಲ್ಲಿ ಹಾಗಲ್ಲ. ಹಿತ್ತಲು, ಗದ್ದೆ, ತೋಟ ತಮ್ಮ ಹೊತ್ತಿಗೆ ತಾವು ಕೊಡುತ್ತವೆ, ಕೊಟ್ಟಾಗ ರಾಶಿ ಕೊಡುತ್ತವೆ. ಹಲಸು ಬಿದ್ದ ದಿನ ಹಲಸಿನ ಪುಟ ಸಿಗಬೇಕು.

ಪುಸ್ತಕದ ಕೊನೆಯಲ್ಲಿ ಹನ್ನೆರಡು ತಿಂಗಳಿಗೆ ಹನ್ನೆರಡು ಹಾಳೆ ಬಿಟ್ಟಿದ್ದೇನೆ. ಮಾರ್ಚ್‌ನಲ್ಲಿ ಕಾಫಿಗೆ ಹೂ ಮಳೆ ಕಾಯುವ ಹೊತ್ತು, ಎಳೆ ಹಲಸಿನ ಪಲ್ಯ. ಏಪ್ರಿಲ್, ಮೇ ಕಾಡುಮಾವು. ಹುಳಿ ಸಿಹಿ ಖಾರ ಮೂರೂ ಸೇರುವ ಆ ಸಾರಿಗೆ ನಮ್ಮ ಮಕ್ಕಳು ವರ್ಷವಿಡೀ ಕಾಯುತ್ತಾರೆ. ಹಲಸಿನ ಬೀಜ ತೊಳೆದು ಒಣಗಿಸಿ ಎತ್ತಿಡುವ ಕೆಲಸವನ್ನೂ ಮೇ ಹಾಳೆಯಲ್ಲೇ ಬರೆದಿದ್ದೇನೆ, ಏಕೆಂದರೆ ಜುಲೈಯಲ್ಲಿ ನೆನಪಾದರೆ ಉಪಯೋಗವಿಲ್ಲ. ಜುಲೈ, ಆಗಸ್ಟ್ ತುಂಬಿ ತುಳುಕುವ ಹಾಳೆಗಳು: ಕಣಿಲೆ, ಕೆಸುವಿನ ಸೊಪ್ಪು, ಏಡಿ, ಅಣಬೆ. ಅಣಬೆ ಮಾತ್ರ ಮನೆಯ ಹಿರಿಯರು ಗುರುತಿಸಿದ್ದು, ಪ್ರತಿ ವರ್ಷ ತಿಂದು ಗೊತ್ತಿರುವುದು. ಪುಸ್ತಕದ ಚಿತ್ರ ನೋಡಿ ಕಾಡಿನ ಅಣಬೆ ಕೀಳಬೇಡಿ. ಕೆಸುವಿನ ಸಾಲಿನಲ್ಲಿ ‘ಹುಳಿ ಮರೆಯಬೇಡ’ ಅಂತ ಇದೆ, ಇಲ್ಲದಿದ್ದರೆ ಗಂಟಲು ತುರಿಸುತ್ತದೆ.

ಹಬ್ಬಗಳೂ ಇದೇ ಹಾಳೆಗಳಲ್ಲಿ. ಕೊಡವರ ಕಕ್ಕಡ ತಿಂಗಳ 18ನೇ ದಿನ, ಅಂದರೆ ಆಗಸ್ಟ್ 3, ಮದ್ದು ಸೊಪ್ಪಿನ ಪಾಯಸ. ಸೊಪ್ಪು ಹಿಂದಿನ ದಿನವೇ ಕೊಯ್ದು ತರಬೇಕು, ಕುದಿಸಿದ ನೇರಳೆ ಬಣ್ಣದ ನೀರಲ್ಲೇ ಅಕ್ಕಿ ಬೇಯಬೇಕು. ಸೆಪ್ಟೆಂಬರ್ ಮೊದಲಲ್ಲಿ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತಕ್ಕೆ ಪಂದಿ ಕರಿ, ಕಡಂಬುಟ್ಟು. ಅಕ್ಟೋಬರ್ 17 ಅಥವಾ 18ಕ್ಕೆ ಕಾವೇರಿ ಸಂಕ್ರಮಣ, ಮಾಂಸ ಇಲ್ಲ, ದೋಸೆ ಮತ್ತು ಕುಂಬಳಕಾಯಿ. ಸುಗ್ಗಿ ಹಬ್ಬ ಹುತ್ತರಿಗೆ ತಂಬುಟ್ಟು (ಬಾಳೆಹಣ್ಣು, ಹುರಿದ ಅಕ್ಕಿ ಹುಡಿಯ ಸಿಹಿ). ಅದರ ಹುಡಿಗೆ ಅಕ್ಕಿ ಹುರಿದು ಪುಡಿ ಮಾಡಿಸುವುದು ವಾರ ಮೊದಲು. ಆಮೇಲೆ ಕಾಫಿ ಕೊಯ್ಲು. ಡಿಸೆಂಬರಿಂದ ಫೆಬ್ರವರಿವರೆಗೆ ನನ್ನ ಹಾಳೆಗಳಲ್ಲಿ ಹೊಸದು ಏನೂ ಇಲ್ಲ, ಎಲ್ಲ ‘ಅರ್ಧ ಗಂಟೆಯದ್ದು’ ಭಾಗಕ್ಕೆ ಕಳಿಸುವ ಬಾಣಗಳೇ. ಕಣದಲ್ಲಿ ಕಾಫಿ ಹರಡಿರುವಾಗ ಯಾರೂ ಒಲೆ ಮುಂದೆ ಎರಡು ಗಂಟೆ ನಿಲ್ಲುವಂತಿಲ್ಲ.

ವಾರದ ಯೋಜನೆ ಸಂತೆಯಿಂದ ಶುರು

ಮಡಿಕೇರಿ ಸಂತೆ ಶುಕ್ರವಾರ. ಹಾಗಾಗಿ ನಮ್ಮ ಅಡುಗೆಯ ವಾರ ಸೋಮವಾರ ಶುರುವಾಗುವುದಿಲ್ಲ, ಶುಕ್ರವಾರ ಶುರುವಾಗುತ್ತದೆ. ನಿಮ್ಮ ಊರಿನ ಸಂತೆ ಯಾವತ್ತೋ ಅದೇ ನಿಮ್ಮ ಮೊದಲ ದಿನ. ಶನಿವಾರಸಂತೆಯವರಿಗೆ ಊರಿನ ಹೆಸರೇ ಹೇಳಿಬಿಡುತ್ತದೆ.

ಗುರುವಾರ ರಾತ್ರಿ ಹದಿನೈದು ನಿಮಿಷ ಕೂತು ಐದು ದಿನ ಮಾತ್ರ ತುಂಬಿ. ಎರಡು ದಿನ ಖಾಲಿ ಇರಲಿ. ಪಕ್ಕದ ಮನೆಯವರು ಮೀನು ಕೊಡುತ್ತಾರೆ, ಯಾರದೋ ಮದುವೆ ಊಟ ಇರುತ್ತದೆ, ಹಿಂದಿನ ದಿನದ್ದು ಉಳಿಯುತ್ತದೆ. ಏಳೂ ದಿನ ತುಂಬಿದ ಯೋಜನೆ ಮೂರನೇ ದಿನಕ್ಕೇ ಮುರಿಯುತ್ತದೆ.

ಸಂತೆಯ ಮೊದಲ ಎರಡು ದಿನ ಸೊಪ್ಪು. ನಂತರ ಬೀನ್ಸ್, ಬದನೆ. ಸೌತೆ, ಕುಂಬಳ, ಗೆಡ್ಡೆ ಕೊನೆಗೆ. ಬುಧವಾರ, ಗುರುವಾರ ಕಾಳು. ಒಂದು ಕೆಲಸ ಎರಡು ಊಟಕ್ಕೆ ಆಗುವಂತೆ ಸಾಲುಗಳನ್ನು ಜೋಡಿಸಿ. ಶನಿವಾರ ಮಧ್ಯಾಹ್ನ ರುಬ್ಬಿದ ಹಿಟ್ಟು ಭಾನುವಾರ ಇಡ್ಲಿ, ಮಂಗಳವಾರ ದೋಸೆ. ಭಾನುವಾರದ ಪಂದಿ ಕರಿ ಸೋಮವಾರಕ್ಕೆ ಇನ್ನೂ ರುಚಿ, ಭಾನುವಾರ ಮಧ್ಯಾಹ್ನವೇ ಎತ್ತಿಟ್ಟ ಅನ್ನದಿಂದ ಅದರ ಜೊತೆಗೆ ಅಕ್ಕಿ ಒಟ್ಟಿ. ಈ ಅನ್ನ, ಕರಿ ಎರಡನ್ನೂ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಅನ್ನವನ್ನು ರಾತ್ರಿಯಿಡೀ ಹೊರಗೆ ಬಿಟ್ಟರೆ ಅದರಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಕರೆಂಟ್ ಹೋದ ವಾರ ಈ ಜೋಡಣೆ ಬಿಟ್ಟು, ಅಂದಂದಿನದು ಅಂದಂದಿಗೆ ಮಾಡಿ ಮುಗಿಸಿ.

ಈಗ ನನಗೆ ಎಲ್ಲಕ್ಕಿಂತ ಹೆಚ್ಚು ನೆರವಾದ ವಿಷಯ. ಯೋಜನೆಯಲ್ಲಿ ‘ಬುಧವಾರ: ಕಡಲೆ ಗಸಿ’ ಅಂತ ಬರೆದರೆ ಸಾಲದು. ಮಂಗಳವಾರದ ಸಾಲಿನಲ್ಲಿ ‘ರಾತ್ರಿ ಕಡಲೆ ನೆನೆಸು’ ಅಂತ ಬರೆಯಬೇಕು. ಕಣಿಲೆ ಗುರುವಾರಕ್ಕಾದರೆ ಸೋಮವಾರದ ಸಾಲಿನಲ್ಲಿ ‘ಹೆಚ್ಚಿ ನೀರಿಗೆ’, ಮಂಗಳವಾರ, ಬುಧವಾರ ‘ನೀರು ಬದಲಿಸು’. ಅಂದರೆ ಕೆಲಸವನ್ನು ತಿನ್ನುವ ದಿನಕ್ಕೆ ಬರೆಯದೆ, ಮಾಡುವ ದಿನಕ್ಕೆ ಬರೆಯುವುದು. ನಮ್ಮ ಮನೆಯಲ್ಲಿ ಯಾರು ಕೊನೆಗೆ ಅಡುಗೆಮನೆ ದೀಪ ಆರಿಸುತ್ತಾರೋ ಅವರು ಆ ಸಾಲು ಓದಿ ಆರಿಸುತ್ತಾರೆ. ಈಗ ಹೆಚ್ಚಾಗಿ ಅದು ನನ್ನ ಗಂಡ. ಕಡಲೆ ನೆನೆಸಲು ಮರೆತ ರಾತ್ರಿ ಒಂದೂ ಇಲ್ಲ.

ಹೊಸ ರೆಸಿಪಿ ವಾರಕ್ಕೆ ಒಂದೇ

ಅದೂ ಮನೆಯವರೆಲ್ಲ ಇರುವ ದಿನ. ಊಟ ಮುಗಿದ ಕೂಡಲೇ, ಕೈ ತೊಳೆದು, ಕೊನೆಯ ಮನೆಯಲ್ಲಿ ಬರೆಯಿರಿ. ‘ಚೆನ್ನಾಗಿದೆ’ ಅಂತ ಬರೆದರೆ ಮುಂದಿನ ಸಲ ಏನೂ ತಿಳಿಯುವುದಿಲ್ಲ. ‘ಉಪ್ಪು ಅರ್ಧ ಚಮಚ ಕಮ್ಮಿ’, ‘ಆರು ಜನಕ್ಕೆ ಅಂತಿದೆ, ನಾಲ್ಕಕ್ಕೇ ಸಾಲಲಿಲ್ಲ’, ‘ಮಾವ ಎರಡನೇ ಸಲ ಕೇಳಿ ಹಾಕಿಸಿಕೊಂಡರು’, ಹೀಗೆ ಬರೆಯಿರಿ. ಎರಡು ಸಲ ಮಾಡಿಯೂ ಯಾರೂ ಕೇಳಲಿಲ್ಲ ಅಂದರೆ ಸಾಲು ಹೊಡೆದುಹಾಕಿ.

ಎಷ್ಟು ಸಾಲು ಬೇಕು ಅಂತ ಕೇಳುತ್ತಾರೆ. ನಮ್ಮ ಆರು ಜನರ ಮನೆಗೆ ಅರವತ್ತು ಸಾಲು ಧಾರಾಳ ಆಗಿದೆ. ಹದಿನಾಲ್ಕು ಪುಸ್ತಕಗಳಲ್ಲಿ ಮೂರರಿಂದ ಒಂದು ಸಾಲೂ ಬರಲಿಲ್ಲ. ಅವನ್ನು ಓದುವ ಆಸೆ ಇದ್ದ ತಂಗಿಗೆ ಕೊಟ್ಟೆ.

ಸಾಲು ಬರೆದ ಪುಸ್ತಕವನ್ನು ಕಪಾಟಿನಲ್ಲಿ ಇಡಬೇಡಿ. ನಮ್ಮ ಮಳೆಗಾಲದಲ್ಲಿ ಮುಚ್ಚಿಟ್ಟ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ ಹೊದಿಕೆ ಹಾಕಿ, ಮೂಲೆಗೆ ತೂತು ಮಾಡಿ ದಾರ ಕಟ್ಟಿ, ಒಲೆಯಿಂದ ಒಂದು ಮಾರು ದೂರದ ಮೊಳೆಗೆ ನೇತುಹಾಕಿ. ಬರೆಯಲು ಪೆನ್ಸಿಲ್ ಇರಲಿ, ಇಂಕು ತೇವಕ್ಕೆ ಹರಡುತ್ತದೆ. ಹಳೆಯ ಅಡುಗೆ ಪುಸ್ತಕಗಳನ್ನು ಮಳೆ ಬಿಟ್ಟ ಮೇಲೆ, ನವೆಂಬರ್ ಬಿಸಿಲಿಗೆ ಒಂದು ದಿನ ತೆರೆದು ಹರಡಿ. ಆಗಲೇ ಇನ್ನೊಮ್ಮೆ ಹಾಳೆ ತಿರುಗಿಸಿದರೆ ಆಯಿತು, ಮುಂದಿನ ವರ್ಷದ ಹೊಸ ಚೀಟಿಗಳು ಅಲ್ಲೇ ಬೀಳುತ್ತವೆ.